ಅದು ಫಾಡೊ ಅಲ್ಲ, ನಿಮ್ಮ ಮಗಳೇ ಸರಿ

ಪತ್ರ: ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯೂರೋವಿಷನ್ ಅನ್ನು 2017ರಲ್ಲಿ ಗೆದ್ದ ಪೋರ್ಚುಗಲ್ ಹಾಡನ್ನು ಕಳೆದ ಸಂಚಿಕೆಯಲ್ಲಿ ‘ಸಾಂಪ್ರದಾಯಿಕ ಫಾಡೊ’ ಎಂದು ಬರೆದಿದ್ದೀರಿ. ಲಿಸ್ಬನ್‌ನಲ್ಲಿ ಓದುತ್ತಿರುವ ನನ್ನ ಮಗಳು ಅದು ಫಾಡೊ ಅಲ್ಲವೇ ಅಲ್ಲ ಅಂತಾಳೆ. ಯಾರ ಮಾತು ಸರಿ? ಕುಣಿತ, ಬೆಂಕಿ ಏನೂ ಇಲ್ಲದ ಹಾಡು ಗೆದ್ದದ್ದಾದರೂ ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ತಪ್ಪು ನಮ್ಮದು. ಪೋರ್ಚುಗೀಸ್ ಭಾಷೆ, ಮೆಲ್ಲನೆಯ ಧಾಟಿ, ಸ್ವಲ್ಪ ದುಃಖ. ಇಷ್ಟು ಸಿಕ್ಕರೆ ಸಾಕು, ಫಾಡೊ ಅಂದುಬಿಡುತ್ತೇವೆ. ನಿಧಾನವಾಗಿದ್ದ ಕನ್ನಡ ಹಾಡೆಲ್ಲ ಭಾವಗೀತೆ ಅಂದ ಹಾಗೆ!

ಫಾಡೊ ಲಿಸ್ಬನ್ನಿನ ಅಲ್ಫಾಮಾ, ಮೊರಾರಿಯಾದಂಥ ಹಳೆಯ ಕೇರಿಗಳ ಹಾಡು. ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರ್ ಅದರ ಜೀವ. ಗೆದ್ದ ಹಾಡಿನಲ್ಲಿ, ಅಂದರೆ ಸಾಲ್ವದೋರ್ ಸೋಬ್ರಾಲ್ ಹಾಡಿದ ‘ಅಮಾರ್ ಪೆಲುಶ್ ದೊಯ್ಶ್’ನಲ್ಲಿ, ಆ ಗಿಟಾರ್ ಇಲ್ಲ. ಇರುವುದು ಪಿಯಾನೊ, ಪಿಟೀಲುಗಳು, ಮೂರು ಪೆಟ್ಟಿನ ವಾಲ್ಟ್ಜ್ ನಡೆ, ಜಾಸ್ತಿಯೇ ಜಾಝ್ ವಾಸನೆ. ‘ಇಬ್ಬರ ಪಾಲಿನ ಪ್ರೀತಿ ನಾನೊಬ್ಬನೇ ಮಾಡುತ್ತೇನೆ’ ಅನ್ನುವುದು ಹಾಡಿನ ಹುರುಳು. ಮಾತು, ರಾಗ ಎರಡೂ ಅವರ ಅಕ್ಕ ಲುಯೀಝಾ ಅವರದು. ಆಗ ತಮ್ಮನಿಗೆ ಹೃದಯದ ಕಾಯಿಲೆ ಇತ್ತು. ಸ್ಪರ್ಧೆ ನಡೆದ ಕೀವ್‌ನ ಮೊದಲ ತಾಲೀಮುಗಳಲ್ಲಿ ಅಕ್ಕನೇ ಅವರ ಬದಲು ನಿಂತು ಹಾಡಿದ್ದರು.

ಆದರೂ ನಮ್ಮ ತಪ್ಪಿಗೆ ಒಂದು ಕಾರಣವಿದೆ. ಊಟದ ಜೊತೆ ಫಾಡೊ ಕೇಳಿಸುವ ಹೋಟೆಲು, ಅಂದರೆ ಫಾಡೊ ಮನೆಯಲ್ಲಿ ಹಾಡು ಶುರುವಾಗುವಾಗ ದೀಪ ಮಂಕಾಗುತ್ತದೆ, ಊಟ ಬಡಿಸುವವರೂ ನಿಲ್ಲುತ್ತಾರೆ, ಯಾರೂ ಮಾತಾಡುವಂತಿಲ್ಲ. ಸಾಲ್ವದೋರ್ ಕೂಡ ದೊಡ್ಡ ವೇದಿಕೆ ಬಿಟ್ಟು, ಜನರ ನಡುವಿನ ಚಿಕ್ಕ ಕಟ್ಟೆಯ ಮೇಲೆ ಒಬ್ಬರೇ ನಿಂತರು. ದೊಗಲೆ ಕೋಟು, ಸುಮ್ನೆ ಗಾಳಿಯಲ್ಲಿ ಆಡುವ ಬೆರಳು, ಅಷ್ಟೇ. ಹಾಡು ಫಾಡೊ ಅಲ್ಲದಿದ್ದರೂ ಕೇಳಿಸಿದ ರೀತಿ ಫಾಡೊ ಮನೆಯದೇ. ನನಗಂತೂ ಹಾಗನ್ನಿಸಿತು.

ಗೆದ್ದದ್ದು ಹೇಗೆ? ಅದಕ್ಕೂ ಇದೇ ಉತ್ತರ ಅಂತ ನನ್ನ ಊಹೆ. ಬೇರೆಯವರೆಲ್ಲ ಬೆಳಕು, ಕುಣಿತ ಸುರಿಯುವಾಗ ಬಡಬಡಿಕೆ ಇಲ್ಲದ ಮೂರು ನಿಮಿಷ ಎದ್ದು ಕಂಡಿತು. 1999ರಿಂದ ಯಾವ ಭಾಷೆಯಲ್ಲಾದರೂ ಹಾಡಬಹುದು ಅಂತಾದ ಮೇಲೆ ಗೆದ್ದ ಹಾಡುಗಳಲ್ಲಿ ಬಹುಪಾಲು ಇಂಗ್ಲಿಷಿನವೇ. ಇವರು ಮನೆಮಾತು ಬಿಡಲಿಲ್ಲ. ತೀರ್ಪುಗಾರರು, ಮನೆಯಲ್ಲಿ ಕೂತ ವೀಕ್ಷಕರು, ಇಬ್ಬರೂ ಅವರನ್ನೇ ಮೊದಲು ಇಟ್ಟರು. ಒಟ್ಟು 758 ಅಂಕ. 1964ರಲ್ಲಿ ಮೊದಲ ಸಲ ಹೋದಾಗ ಪೋರ್ಚುಗಲ್‌ಗೆ ಸಿಕ್ಕಿದ್ದು ಸೊನ್ನೆ! ಅಲ್ಲಿಂದ 2017ರವರೆಗೆ ಆರನೇ ಸ್ಥಾನಕ್ಕಿಂತ ಮೇಲೆ ಹೋಗಿರಲೇ ಇಲ್ಲ.

ನಿಜವಾದ ಫಾಡೊ ಕೇಳಬೇಕಿದ್ದರೆ ಮರುವರ್ಷ ಲಿಸ್ಬನ್‌ನಲ್ಲೇ ನಡೆದ ಫೈನಲ್‌ನ ಶುರುವಿನ ಭಾಗ ಹುಡುಕಿ ನೋಡಿ. ಫಾಡೊ ಗಾಯಕಿಯರಾದ ಆನಾ ಮೌರಾ, ಮರೀಝಾ ಇಬ್ಬರೂ ಹಾಡಿದ್ದಾರೆ, ಸ್ಪರ್ಧೆಗಲ್ಲ, ಸ್ವಾಗತಕ್ಕೆ. ಆ ಸಲ ಸ್ಪರ್ಧೆಗೆ ನಿಂತ ಪೋರ್ಚುಗಲ್ ಹಾಡು ಫೈನಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. ಅದೂ ಫಾಡೊ ಅಲ್ಲ, ಮಗಳಿಗೆ ಹೇಳಿ.
– ಸಂ.