ಓದುಗರ ಪ್ರಶ್ನೆ: ಟೂ ಲೇಯರ್ ಬೋರ್ಡಲ್ಲಿ ವಯಾ ಕಮ್ಮಿ ಇದ್ರೆ ಒಳ್ಳೇದಾ?

ಪ್ರಶ್ನೆ: ಸರ್, ನಮ್ದು ಸೋಮವಾರಪೇಟೆ ಹತ್ರ ಕಾಫಿ ತೋಟ. ಹೂಮಳೆ ಸರಿಯಾಗಿ ಬರ್ದಿದ್ರೆ ಸ್ಪ್ರಿಂಕ್ಲರ್ ಹಾಕ್ಲೇಬೇಕು, ಅದಕ್ಕೆ ಕೆರೆ ಹತ್ರದ ಮೋಟಾರ್ ಸ್ಟಾರ್ಟರನ್ನ ಮನೆಯಿಂದ್ಲೇ ಆನ್ ಆಫ್ ಮಾಡೋಕೆ ಇಎಸ್‌ಪಿ32 (ವೈಫೈ ಇರೋ ಸಣ್ಣ ಕಂಟ್ರೋಲರ್), ಒಂದು ರಿಲೇ ಇಟ್ಟು ಬೋರ್ಡ್ ಮಾಡಿಸ್ದೆ. ವಯಾ, ಅಂದ್ರೆ ಟ್ರ್ಯಾಕನ್ನ ಒಂದು ಲೇಯರಿಂದ ಇನ್ನೊಂದಕ್ಕೆ ದಾಟಿಸೋ ತೂತು, ಆದಷ್ಟು ಕಮ್ಮಿ ಇರ್ಬೇಕು ಅಂತ ಫ್ರೆಂಡ್ ಹೇಳಿದ್ರಿಂದ ಇಡೀ ಬೋರ್ಡಿಗೆ ಆರೇ ಹಾಕಿದೀನಿ, ಒಂದ್ಸಲ ಕೆಳಗಿನ ಲೇಯರಿಗೆ ಇಳಿದ ಟ್ರ್ಯಾಕ್ ಅಲ್ಲೇ ಕೊನೇ ತನಕ ಹೋಗತ್ತೆ. ಈಗ ರಿಲೇ ಬಿದ್ದಾಗೆಲ್ಲ ಇಎಸ್‌ಪಿ ರೀಸೆಟ್ ಆಗ್ತಿದೆ. ಏನ್ಮಾಡ್ಲಿ?

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಮನೇಲೇ ಎಚ್ ಮಾಡೋ (ಬೇಡದ ತಾಮ್ರ ಕರಗಿಸಿ ತೆಗೆಯೋ) ಬೋರ್ಡಿಗೆ ಸರಿ, ಅಲ್ಲಿ ತೂತಿನ ಒಳಗೆ ತಾಮ್ರ ಇರಲ್ಲ, ಪ್ರತಿ ವಯಾಗೂ ತಂತಿ ತೂರಿಸಿ ಎರಡೂ ಕಡೆ ಸೋಲ್ಡರ್ ಮಾಡ್ಬೇಕು, ಕಮ್ಮಿ ಇದ್ದಷ್ಟೂ ಕೆಲಸ ಉಳಿಯತ್ತೆ. ಫ್ಯಾಕ್ಟರೀಲಿ ಮಾಡಿಸೋ ಬೋರ್ಡಲ್ಲಿ ತೂತಿನ ಒಳಗೋಡೆಗೆ ಸುಮಾರು 20ರಿಂದ 25 ಮೈಕ್ರಾನ್ ತಾಮ್ರ ಕೂರಿಸ್ತಾರೆ. 1.6 ಮಿಮೀ ಬೋರ್ಡು, 0.3 ಮಿಮೀ ತೂತು ಅಂದ್ರೆ ಒಂದು ವಯಾದ ರೆಸಿಸ್ಟೆನ್ಸ್ ಹತ್ತಿರಹತ್ತಿರ 1 ಮಿಲಿಓಮ್ ಅಷ್ಟೇ. ನಿಮ್ಮಂಥ ಸರ್ಕ್ಯೂಟಿಗೆ ಅದು ಲೆಕ್ಕಕ್ಕೇ ಬರಲ್ಲ, ಹೆದರ್ಬೇಡಿ.

ಆದ್ರೆ ಎಲ್ಲಿ ಹಾಕ್ತೀರಿ ಅನ್ನೋದು ತುಂಬಾ ಮುಖ್ಯ. ಕೆಳಗಿನ ಲೇಯರನ್ನ ಪೂರ್ತಿ ಗ್ರೌಂಡಿಗೆ (ಕರೆಂಟು ವಾಪಸ್ ಹೋಗೋ ದಾರಿಗೆ) ಬಿಟ್ಬಿಡಿ, ಟ್ರ್ಯಾಕೆಲ್ಲ ಮೇಲೇ ಇರ್ಲಿ. ಎಲ್ಲಾದ್ರೂ ಎರಡು ಟ್ರ್ಯಾಕ್ ಅಡ್ಡ ಬಂತು ಅಂದ್ರೆ ಒಂದು ವಯಾದಲ್ಲಿ ಕೆಳಗೆ ಇಳಿದು, ಕೆಲವೇ ಮಿಲಿಮೀಟರ್ ದಾಟಿ, ಇನ್ನೊಂದು ವಯಾದಲ್ಲಿ ತಕ್ಷಣ ಮೇಲೆ ಬನ್ನಿ. ನೀವು ಮಾಡಿರೋ ಹಾಗೆ ಕೆಳಗೇ ಉದ್ದಕ್ಕೆ ಎಳೆದ್ರೆ ಅದು ಕಾಡಂಚಲ್ಲಿ ಆನೆ ಕಂದಕ ತೋಡಿದ ಹಾಗೆ, ಗ್ರೌಂಡ್ ಕರೆಂಟು ಆಚೆ ಹೋಗೋಕೆ ದಾರಿ ಸಿಗ್ದೆ ಪೂರ್ತಿ ಸುತ್ತಿ ಬರ್ಬೇಕು. ರಿಲೇ ಕಾಯಿಲ್ ಕರೆಂಟು ಹಂಗೆ ಸುತ್ತೋವಾಗ ಇಎಸ್‌ಪಿಯ ಗ್ರೌಂಡಿಂದ್ಲೇ ಹಾದು ಹೋದ್ರೆ ಅಲ್ಲಿ ವೋಲ್ಟೇಜ್ ಕುಣಿಯತ್ತೆ, ನಿಮ್ಮ ರೀಸೆಟ್ಟಿಗೆ ಇದೇ ಕಾರಣ ಇರೋ ಸಾಧ್ಯತೆ ಜಾಸ್ತಿ.

ಪ್ರತಿ ಗ್ರೌಂಡ್ ಪಿನ್ನಿಗೂ ಅದರ ಪಕ್ಕದಲ್ಲೇ ಸ್ವಂತ ವಯಾ ಕೊಡಿ, 0.1 ಮೈಕ್ರೋಫ್ಯಾರಡ್ ಕೆಪಾಸಿಟರಿಗೂ ಅಷ್ಟೇ, ನಾಲ್ಕು ಪಿನ್ನನ್ನ ಒಂದೇ ವಯಾಗೆ ಕಟ್ಬೇಡಿ. ವಯಾನ ಪಿನ್ನು ಸೋಲ್ಡರ್ ಮಾಡೋ ಪ್ಯಾಡಿನ ಮೇಲೇ ಇಡ್ಬೇಡಿ, ಸೋಲ್ಡರೆಲ್ಲ ತೂತಲ್ಲಿ ಇಳಿದು ಹೋಗತ್ತೆ. ವೈಫೈ ಕಳಿಸೋ ಕ್ಷಣದಲ್ಲಿ ಇಎಸ್‌ಪಿ32 ಕೆಲವು ನೂರು ಮಿಲಿಆಂಪ್ ಎಳೆಯತ್ತೆ, ಅದಕ್ಕೆ 3.3 ವೋಲ್ಟ್ ಲೈನ್ ಲೇಯರ್ ಬದಲಾಯಿಸೋದಾದ್ರೆ ಎರಡು ಮೂರು ವಯಾ ಒಟ್ಟಿಗೆ ಹಾಕಿ. ಆಂಟೆನಾ ಕೆಳಗೆ ಮಾತ್ರ ಎರಡೂ ಲೇಯರಲ್ಲಿ ತಾಮ್ರವೂ ಬೇಡ, ವಯಾನೂ ಬೇಡ. ವಯಾ ಸೈಜು 0.3 ಮಿಮೀ ತೂತು, ಅದರ ಸುತ್ತ 0.6 ಮಿಮೀ ಪ್ಯಾಡ್ ಸಾಕು, ಇನ್ನೂ ಸಣ್ಣದಕ್ಕೆ ಹೋದ್ರೆ ಕೆಲವು ಕಡೆ ಜಾಸ್ತಿ ದುಡ್ಡು ಕೇಳ್ತಾರೆ. ಬೋರ್ಡ್ ಡಿಸೈನ್ ಮಾಡೋ ಸಾಫ್ಟ್‌ವೇರ್ ಕಿಕ್ಯಾಡಲ್ಲಿ ಟ್ರ್ಯಾಕ್ ಎಳೀತಾ ಇರೋವಾಗ ವಿ ಒತ್ತಿದ್ರೆ ವಯಾ ಬೀಳತ್ತೆ, ಎಲ್ಲಾ ಮುಗಿದ್ಮೇಲೆ ಬಿ ಒತ್ತಿ ಗ್ರೌಂಡ್ ತುಂಬಿಸಿ, ಕೆಳಗಿನ ಲೇಯರ್ ಒಂದನ್ನೇ ತೆರೆದು ನೋಡಿ. ಅಲ್ಲಿ ಉದ್ದ ಸೀಳು ಕಂಡ್ರೆ ಆ ಟ್ರ್ಯಾಕನ್ನ ಮತ್ತೆ ಮೇಲಕ್ಕೆ ತನ್ನಿ.

ವಯಾ ಒಂದ್ರಿಂದ್ಲೇ ಎಲ್ಲಾ ಸರಿಹೋಗತ್ತೆ ಅಂತಲ್ಲ. ಕಾಯಿಲ್ ಆಫ್ ಆದಾಗ ಏಳೋ ವೋಲ್ಟೇಜ್ ತಡೆಯೋಕೆ ರಿಲೇ ಕಾಯಿಲಿಗೆ ಡಯೋಡ್ ಇದ್ಯಾ ನೋಡಿ, ಸ್ಟಾರ್ಟರ್ ಕಾಯಿಲಿಗೆ ಅಡ್ಡ ಒಂದು ಆರ್‌ಸಿ ಸ್ನಬ್ಬರ್ (ರೆಸಿಸ್ಟರ್, ಕೆಪಾಸಿಟರ್ ಜೋಡಿ) ಹಾಕಿಸಿ.

ಮತ್ತೆ ದಯವಿಟ್ಟು ಇದನ್ನ ಮರೀಬೇಡಿ. ರಿಲೇ ಕಾಂಟ್ಯಾಕ್ಟಲ್ಲಿ ಹರಿಯೋ ಸ್ಟಾರ್ಟರಿನ ಮೈನ್ಸ್ ಕರೆಂಟು ಕೆಳಗಿನ ಗ್ರೌಂಡಿನ ಹತ್ರಕ್ಕೂ ಬರ್ಬಾರ್ದು, ಮಧ್ಯೆ 8 ಮಿಮೀ ಜಾಗ ಬಿಡಿ, ಆಗೋದಾದ್ರೆ ರಿಲೇ ಕೆಳಗೆ ಬೋರ್ಡಲ್ಲೇ ಒಂದು ಸ್ಲಾಟ್ ಕೊರೆಸಿ. ನಮ್ಮ ಕಡೆ ಜೂನಿಂದ ಪಂಪ್‌ಹೌಸಲ್ಲಿ ಗೋಡೇನೇ ಬೆವರತ್ತೆ, ಬೋರ್ಡ್ ಬಿಡತ್ತಾ? ವಯಾ ಮೇಲೆ ಸೋಲ್ಡರ್ ಮಾಸ್ಕ್ (ಬೋರ್ಡಿನ ಮೇಲಿನ ಬಣ್ಣದ ಪದರ) ಮುಚ್ಚೋಕೆ ಆರ್ಡರಲ್ಲೇ ಹೇಳಿ, ಟೆಸ್ಟ್ ಮಾಡಿದ್ಮೇಲೆ ಕನೆಕ್ಟರ್‌ಗಳನ್ನ ಬಿಟ್ಟು ಉಳಿದ ಕಡೆಗೆಲ್ಲ ತೇವ ತಡೆಯೋ ಕನ್ಫಾರ್ಮಲ್ ಕೋಟಿಂಗ್ ಹೊಡೀರಿ.