ಆರು ಯಾರ ಪಕ್ಕ ಕೂರಬೇಕು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ಇಂಟಿಗ್ರೇಷನ್ ಲೆಕ್ಕಗಳೆಲ್ಲ ಸಲೀಸು. ಆದರೆ ‘ಒಂದು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್‌ಗಳ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ ವಿ, ಪ್ರೊಫೆಸರ್‌ಗಳ ಸಂಖ್ಯೆ ಪ. ಸಮೀಕರಣ ಬರೆಯಿರಿ’ ಅಂದಾಗ 6ವಿ = ಪ ಎಂದು ಬರೆದೆ. ತಪ್ಪಂತೆ. ಇಷ್ಟು ಸುಲಭದ್ದು ಹೇಗೆ ತಪ್ಪಿತು ಸರ್?

ಉತ್ತರ: ಇದು ಸುಲಭದ್ದು ಅಂತ ಯಾರು ಹೇಳಿದರು? ಗಣಿತ ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು 1980ರ ಆಸುಪಾಸಿನಲ್ಲಿ ಇದೇ ಪ್ರಶ್ನೆಯನ್ನು 150 ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. ನೂರಕ್ಕೆ 37 ಮಂದಿ ತಪ್ಪು ಮಾಡಿದರು. ಅವರಲ್ಲಿ ಮೂರನೇ ಎರಡು ಪಾಲು ಜನ ಬರೆದದ್ದು ನಿಮ್ಮದೇ ಉತ್ತರ.

ಅವಸರದಲ್ಲಿ ತಪ್ಪಿದ್ದು ಅಂತ ಸುಮ್ನೆ ತಳ್ಳಿಹಾಕಬೇಡಿ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಬೋರ್ಡ್ ಮೇಲೆ ಒಂದು ‘ಪ’ ಬರೆದು, ಅದರ ಸುತ್ತ ಆರು ‘ವಿ’ ಬರೆದ. ಚಿತ್ರ ಸರಿಯಾಗೇ ಇತ್ತು. ಯಾರು ಜಾಸ್ತಿ ಅಂದರೆ ‘ವಿದ್ಯಾರ್ಥಿಗಳು’ ಅಂತ ತಟ್ಟನೆ ಹೇಳಿದ. ಮರುಕ್ಷಣವೇ ಪಕ್ಕದಲ್ಲಿ 6ವಿ = ಪ ಎಂದು ಬರೆದ! ಅವನಿಗೆ ‘ವಿ’ ಅಂದರೆ ವಿದ್ಯಾರ್ಥಿ, ‘=’ ಅಂದರೆ ‘ಇಷ್ಟಕ್ಕೆ ಇಷ್ಟು’. ಕಂಡ ಚಿತ್ರವನ್ನೇ ಸಮೀಕರಣದ ವೇಷದಲ್ಲಿ ಬರೆದಿದ್ದ. ಆದರೆ ಇಲ್ಲಿ ‘ವಿ’ ಮನುಷ್ಯನಲ್ಲ, ಎಣಿಕೆ.

ಈ ಅಭ್ಯಾಸ ನಮಗೆ ಸ್ಕೂಲಿನಿಂದಲೇ ಬಂದದ್ದು. 1 ಮೀ = 100 ಸೆಂ.ಮೀ. ಅಂತ ಬರೆಯುತ್ತೇವಲ್ವಾ? ಅಲ್ಲಿ ‘ಮೀ’ ಬರೀ ಹೆಸರು. ಅದೇ ಉದ್ದವನ್ನು ಅಳೆದಾಗ ಬರುವ ಮೀಟರುಗಳ ಸಂಖ್ಯೆ ಮ, ಸೆಂಟಿಮೀಟರುಗಳ ಸಂಖ್ಯೆ ಸ ಆದರೆ, ಸ = 100ಮ. ಸೆಂ.ಮೀ. ಪಕ್ಕದಲ್ಲಿದ್ದ ನೂರು ಈಗ ಮೀಟರುಗಳ ಸಂಖ್ಯೆಯ ಪಕ್ಕಕ್ಕೆ ಹಾರಿತು ನೋಡಿ.

ಹಾಗಾಗಿ ಬರೆದ ಕೂಡಲೇ ಸಂಖ್ಯೆ ಹಾಕಿ ನೋಡಿ. ಪ್ರೊಫೆಸರ್‌ಗಳು 10 ಇದ್ದರೆ ವಿದ್ಯಾರ್ಥಿಗಳು 60. ನಿಮ್ಮ ಸಮೀಕರಣದ ಪ್ರಕಾರ 6 × 60 = 10 ಆಗಬೇಕು! ‘10ರಿಂದ 60 ಪಡೆಯೋಕೆ ಏನು ಮಾಡಬೇಕು?’ ಅಂತ ಕೇಳಿಕೊಂಡರೆ ವಿ = 6ಪ ತಾನಾಗಿ ಬರುತ್ತೆ. ಇದನ್ನೇ ಕಂಪ್ಯೂಟರ್ ಪ್ರೋಗ್ರಾಂ ಆಗಿ ಬರೆಸಿದಾಗ ಹೆಚ್ಚು ಜನ ಸರಿ ಮಾಡಿದ್ದೂ ಇದಕ್ಕೇ ಇರಬೇಕು. ಪ್ರೋಗ್ರಾಂನಲ್ಲಿ ಏನಾದರೂ ಲೆಕ್ಕ ಹಾಕಲೇಬೇಕಲ್ಲ.

ಈಗ ಕ್ಲೆಮೆಂಟ್ ಅವರದೇ ಇನ್ನೊಂದು ಪ್ರಶ್ನೆ. ಹೋಟೆಲೊಂದರಲ್ಲಿ ಚೀಸ್‌ಕೇಕ್ ತಗೊಂಡ ಪ್ರತಿ ನಾಲ್ವರಿಗೆ ಸ್ಟ್ರೂಡಲ್ (ಅದೂ ಒಂದು ಸಿಹಿ ತಿಂಡಿ) ತಗೊಂಡವರು ಐವರು. ಚೀಸ್‌ಕೇಕ್ ತಗೊಂಡವರ ಸಂಖ್ಯೆ ಚ, ಸ್ಟ್ರೂಡಲ್ ತಗೊಂಡವರ ಸಂಖ್ಯೆ ಸ ಆದರೆ ಸಮೀಕರಣ ಏನು? ಇದಕ್ಕೆ ಸರಿಯಾಗಿ ಬರೆದವರು ನೂರಕ್ಕೆ 27 ಮಾತ್ರ. ನೀವೂ ಬರೆದು, ಚೀಸ್‌ಕೇಕ್‌ಗೆ 40, ಸ್ಟ್ರೂಡಲ್‌ಗೆ 50 ಹಾಕಿ ತಾಳೆ ನೋಡಿ.