ಗಿಮ್ಲಿ ಕೇಳಿದ ಒಂದು ಕೂದಲೆಳೆ

ಪ್ರಶ್ನೆ: ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ಅದರಲ್ಲಿ ಡ್ವಾರ್ಫ್ ಕುಲದ ಗಿಮ್ಲಿಯು ಎಲ್ಫ್ ಕುಲದವಳೂ ಲೋಥ್‌ಲೋರಿಯನ್ ಕಾಡಿನ ಒಡತಿಯೂ ಆದ ಗಲಾಡ್ರಿಯೆಲ್‌ಗೆ ಒಂದೇ ಭೇಟಿಯಲ್ಲಿ ಮನಸೋಲುತ್ತಾನೆ. ಎರಡು ಕುಲಗಳ ನಡುವೆ ತಲೆತಲಾಂತರದ ಹಗೆಯಿದೆ. ಅವಳ ಗಂಡ ಪಕ್ಕದಲ್ಲೇ ಇದ್ದಾನೆ. ಹೀಗಿರುವಾಗ ಅವಳನ್ನು ಹಾಗೆ ಹೊಗಳುವುದೂ ಬೀಳ್ಕೊಡುಗೆಯಾಗಿ ತಲೆಗೂದಲನ್ನು ಕೇಳುವುದೂ ನನಗೆ ಸರಿಕಾಣಲಿಲ್ಲ. ಇದು ಪ್ರೇಮವೇ, ಭಕ್ತಿಯೇ, ಇಲ್ಲವೇ ಕಥೆಯ ಅನುಕೂಲಕ್ಕೆ ತಂದ ಮನಪರಿವರ್ತನೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಈ ಕೃತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗವನ್ನೇ ನೀವು ಎತ್ತಿಕೊಂಡಿದ್ದೀರಿ. ಮೊದಲಿಗೆ ಒಂದು ಮಾತು: ‘ಡ್ವಾರ್ಫ್’ ಎಂಬ ಹೆಸರನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಕುಳ್ಳ’, ‘ಕುಬ್ಜ’ ಎಂಬ ನಮ್ಮ ಮಾತುಗಳು ದೇಹದ ಕೊರತೆಯನ್ನು ಹೇಳುತ್ತವೆಯೇ ಹೊರತು, ತಮ್ಮದೇ ನುಡಿ, ಅರಸುಕುಲ, ಕಲ್ಲು ಲೋಹಗಳ ಕುಶಲಕಲೆ ಎಲ್ಲವೂ ಇರುವ ಒಂದು ಜನಾಂಗವನ್ನು ಹೇಳುವುದಿಲ್ಲ.

ಗಿಮ್ಲಿಯ ಮನಸ್ಸು ತಿರುಗಿದ ಕ್ಷಣವನ್ನು ಮತ್ತೊಮ್ಮೆ ಓದಿ ನೋಡಿ. ಅವನು ಆ ಕಾಡಿಗೆ ಬಂದದ್ದು ಮೋರಿಯಾದಿಂದ, ಅಂದರೆ ತನ್ನ ಪೂರ್ವಜರ ಪಾಳುಬಿದ್ದ ನೆಲದಡಿಯ ನಗರದಿಂದ. ಅಲ್ಲಿ ತನ್ನ ಬಂಧು ಬಾಲಿನ್‌ನ ಸಮಾಧಿಯನ್ನು ಕಂಡು, ದಾರಿ ತೋರುತ್ತಿದ್ದ ಮಾಂತ್ರಿಕ ಗ್ಯಾಂಡಾಲ್ಫ್‌ನನ್ನು ಕಳೆದುಕೊಂಡು ಬಂದವನನ್ನು ಕಾಡಿನ ಗಡಿಯ ಕಾವಲಿನವರು, ಡ್ವಾರ್ಫ್ ಎಂಬ ಒಂದೇ ಕಾರಣಕ್ಕೆ, ಕಣ್ಣಿಗೆ ಬಟ್ಟೆ ಕಟ್ಟಿಯೇ ಒಳಗೆ ಬಿಡುವುದಾಗಿ ಹೇಳುತ್ತಾರೆ. ಅವನು ಒಪ್ಪದೆ ಹೋದಾಗ ತಂಡದ ನಾಯಕ ಅರಗಾರ್ನ್ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಸಿ ಜಗಳವನ್ನು ತಪ್ಪಿಸುತ್ತಾನೆ. ಕೊನೆಗೆ ಸಭೆಯನ್ನು ತಲುಪಿದರೆ, ಮೋರಿಯಾದ ಕೇಡನ್ನು ಡ್ವಾರ್ಫ್‌ಗಳೇ ಮತ್ತೆ ಎಬ್ಬಿಸಿದರೆಂದು ತಿಳಿದಿದ್ದರೆ ನಿಮ್ಮನ್ನು ಗಡಿ ದಾಟಲು ಬಿಡುತ್ತಿರಲಿಲ್ಲ ಎಂದು ಗಲಾಡ್ರಿಯೆಲ್‌ಳ ಪತಿ ಕೆಲೆಬಾರ್ನ್ ಗದರುತ್ತಾನೆ.

ಆಗ ಗಲಾಡ್ರಿಯೆಲ್ ಮಾಡುವುದು ಎರಡೇ ಕೆಲಸ. ನಮ್ಮ ಜನ ಲೋಥ್‌ಲೋರಿಯನ್‌ನಿಂದ ದೂರಾಗಿ ಬಹುಕಾಲ ಅಲೆದಿದ್ದರೆ, ಅದರ ಸಮೀಪ ಹಾದುಹೋಗುವಾಗ ಹಳೆಯ ಮನೆಯನ್ನೊಮ್ಮೆ ನೋಡಬೇಕೆಂದು ಯಾರಿಗೆ ತಾನೆ ಅನಿಸುತ್ತಿರಲಿಲ್ಲ ಎಂದು ಕೇಳಿ, ಗಂಡನ ಮಾತನ್ನು ತಡೆಯುತ್ತಾಳೆ. ಆಮೇಲೆ ಖೆಲೆದ್-ಜಾರಾಮ್, ಕಿಬಿಲ್-ನಾಲಾ, ಖಜಾದ್-ದೂಮ್ ಎಂದು ಅಲ್ಲಿಯ ಸರೋವರ, ತೊರೆ, ನಗರಗಳನ್ನು ಡ್ವಾರ್ಫ್‌ಗಳ ಪುರಾತನ ನುಡಿಯ ಹೆಸರುಗಳಿಂದಲೇ ಕರೆದು ಅವುಗಳ ಚೆಲುವನ್ನು ನೆನೆಯುತ್ತಾಳೆ. ಆ ಹೆಸರುಗಳು ಕಿವಿಗೆ ಬಿದ್ದ ಮೇಲೆಯೇ ಗಿಮ್ಲಿ ತಲೆಯೆತ್ತಿ ಅವಳ ಕಣ್ಣುಗಳನ್ನು ನೋಡುತ್ತಾನೆ. ಹಗೆಯೆಂದು ಬಗೆದವಳ ಎದೆಯೊಳಗೆ ಪ್ರೀತಿಯನ್ನೂ ಅರಿವನ್ನೂ ಕಾಣುತ್ತಾನೆ. ಈ ಕ್ರಮವನ್ನು ನಾವು ಗಮನಿಸಬೇಕು. ಅವಳ ರೂಪಕ್ಕಿಂತ ಮೊದಲು ಅವನನ್ನು ಗೆದ್ದದ್ದು, ತನ್ನ ಊರಿನ ಹೆಸರನ್ನು ಪರಕೀಯರ ಬಾಯಲ್ಲಿ ಗೌರವದಿಂದ ಕೇಳಿದ ಸಂತೋಷ. ಇದನ್ನು ಸುಲಭದ ಮನಪರಿವರ್ತನೆ ಎನ್ನಲು ನನಗೆ ಮನಸ್ಸು ಬಾರದು. ಅವನು ಕೂಡಲೇ ಎದ್ದು, ತನ್ನ ಕುಲದ ರೀತಿಯಲ್ಲಿ ತೊಡಕುತೊಡಕಾಗಿಯೇ ಬಾಗಿ ವಂದಿಸಿ, ಭೂಮಿಯೊಳಗಿನ ಎಲ್ಲ ರತ್ನಗಳಿಗಿಂತ ಈ ಒಡತಿ ಮಿಗಿಲು ಎನ್ನುತ್ತಾನೆ. ರತ್ನವೇ ಬದುಕಾಗಿರುವ ಕುಲದವನು ಅದಕ್ಕಿಂತ ದೊಡ್ಡ ಅಳತೆಗೋಲನ್ನು ಎಲ್ಲಿಂದ ತಂದಾನು?

ಇನ್ನು ಗಂಡನೆದುರಿನ ಹೊಗಳಿಕೆಯ ವಿಚಾರ. ಹನ್ನೆರಡನೆಯ ಶತಮಾನದ ದಕ್ಷಿಣ ಫ್ರಾನ್ಸಿನ ತ್ರೂಬದೂರ್ ಕವಿಗಳಿಂದ ಬೆಳೆದುಬಂದ ಒಂದು ಸಂಪ್ರದಾಯದಲ್ಲಿ, ಪ್ರೇಮಿಯು ತನಗಿಂತ ಎತ್ತರದಲ್ಲಿರುವ, ಹೆಚ್ಚಾಗಿ ಮದುವೆಯಾಗಿರುವ ಒಡತಿಯೊಬ್ಬಳ ಸೇವಕನಾಗಿ ತನ್ನನ್ನು ಭಾವಿಸಿಕೊಳ್ಳುತ್ತಾನೆ. ವಿನಯ, ನಿಷ್ಠೆ, ಮಾತಿನ ಸೊಗಸು ಇವು ಅವನ ಲಕ್ಷಣಗಳು. ಗುಟ್ಟು ಕೂಡ ಆ ಸಂಪ್ರದಾಯದ ಒಂದು ಭಾಗವಾಗಿತ್ತು. ಮಧ್ಯಯುಗದ ಇಂಗ್ಲಿಷ್ ಸಾಹಿತ್ಯದ ವಿದ್ವಾಂಸರಾಗಿದ್ದ ಟೋಲ್ಕಿನ್‌ಗೆ ಇದೆಲ್ಲವೂ ಚೆನ್ನಾಗಿ ತಿಳಿದಿತ್ತು. 1925ರಲ್ಲಿ ಅವರು ಇ. ವಿ. ಗಾರ್ಡನ್ ಅವರೊಡನೆ ಸಂಪಾದಿಸಿದ ‘ಸರ್ ಗವೈನ್ ಅಂಡ್ ದ ಗ್ರೀನ್ ನೈಟ್’ ಕಾವ್ಯದಲ್ಲಿ, ನಾಯಕನು ಆತಿಥ್ಯ ನೀಡಿದವನ ಮಡದಿಯಿಂದ ಹಸಿರು ಸೊಂಟಪಟ್ಟಿಯೊಂದನ್ನು ಗುಟ್ಟಾಗಿ ಪಡೆಯುತ್ತಾನೆ; ಆ ದಿನ ದೊರೆತದ್ದನ್ನೆಲ್ಲ ಮನೆಯೊಡೆಯನಿಗೆ ಒಪ್ಪಿಸುವೆನೆಂದು ಮಾತು ಕೊಟ್ಟಿದ್ದರೂ ಅದನ್ನು ಬಚ್ಚಿಡುತ್ತಾನೆ. ಅವನ ನಾಚಿಕೆಗೆ ಕಾರಣವಾಗುವುದು ಆ ಬಚ್ಚಿಟ್ಟ ಕಾಣಿಕೆಯೇ. ಗಿಮ್ಲಿಯ ಪ್ರಸಂಗವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಇಲ್ಲಿ ಗುಟ್ಟಿಗೆ ಎಡೆಯೇ ಇಲ್ಲವೆಂಬುದು ಕಾಣುತ್ತದೆ. ಅವನು ಕೇಳುವುದು ತುಂಬಿದ ಸಭೆಯಲ್ಲಿ, ಅವಳ ಗಂಡನ ಕಣ್ಣೆದುರಿಗೆ. ಮೊದಲು ತನಗೇನೂ ಬೇಡ, ನೋಡಿದ್ದೂ ಒಳ್ಳೆಯ ಮಾತು ಕೇಳಿದ್ದೂ ಸಾಕು ಎನ್ನುತ್ತಾನೆ. ಅವಳು ಒತ್ತಾಯಿಸಿದ ಮೇಲೆ ಒಂದೇ ಒಂದು ಕೂದಲೆಳೆಯ ಹೆಸರೆತ್ತಿ, ಇದು ಬೇಡಿಕೆಯಲ್ಲ, ಆಸೆಯನ್ನು ಹೇಳೆಂದು ನೀವು ಅಪ್ಪಣೆ ಕೊಡಿಸಿದ್ದರಿಂದ ಹೇಳಿದೆ ಎಂದು ವಿನಯದಿಂದ ತಿಳಿಸುತ್ತಾನೆ. ಇಷ್ಟು ದಿಟ್ಟವೂ ಇಷ್ಟು ಮರ್ಯಾದೆಯದೂ ಆದ ಕೋರಿಕೆಯನ್ನು ತಾನು ಕೇಳಿರಲಿಲ್ಲವೆಂದು ಅವಳು ಮೂರು ಎಳೆಗಳನ್ನು ಕೊಡುತ್ತಾಳೆ.

ಆ ಮೂರು ಎಂಬ ಎಣಿಕೆಗೆ ಹಿನ್ನೆಲೆಯಿರುವುದು ಟೋಲ್ಕಿನ್ ತೀರಿಕೊಂಡ ಮೇಲೆ, 1980ರಲ್ಲಿ ಪ್ರಕಟವಾದ ‘ಅನ್‌ಫಿನಿಶ್ಡ್ ಟೇಲ್ಸ್’ ಸಂಕಲನದಲ್ಲಿ. ಎಲ್ಫ್‌ಗಳಲ್ಲೇ ಮಹಾಕುಶಲಿಯಾದ ಫೆಯನೋರ್ ಬಹುಹಿಂದೆ ಅವಳ ಕೂದಲನ್ನು ಮೂರು ಸಲ ಬೇಡಿದ್ದನೆಂದೂ ಅವಳು ಒಂದೆಳೆಯನ್ನೂ ಕೊಡಲಿಲ್ಲವೆಂದೂ ಅಲ್ಲಿ ಹೇಳಿದೆ. ತನ್ನ ಕುಲದ ಮಹಾಪುರುಷನಿಗೆ ನಿರಾಕರಿಸಿದ್ದನ್ನು ಹಗೆಯ ಕುಲದವನಿಗೆ ಕೊಟ್ಟಳೆಂಬುದು ತಿಳಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಗಿಮ್ಲಿಯಾದರೋ ಅದನ್ನು ಸ್ಫಟಿಕದಲ್ಲಿಟ್ಟು, ತನ್ನ ಮನೆತನದ ನಿಧಿಯಾಗಿ, ಬೆಟ್ಟಕ್ಕೂ ಕಾಡಿಗೂ ನಡುವಿನ ಸೌಹಾರ್ದದ ಗುರುತಾಗಿ ಕಾಪಾಡುವೆನೆನ್ನುತ್ತಾನೆ. ಪ್ರೇಮವೋ ಭಕ್ತಿಯೋ ಎಂಬ ನಿಮ್ಮ ಪ್ರಶ್ನೆಗೆ ಈ ಮಾತೇ ಉತ್ತರವೆಂದು ನನ್ನ ಭಾವನೆ. ಪ್ರೇಮವೇ ಹೌದು, ಆದರೆ ತನ್ನದಾಗಿಸಿಕೊಳ್ಳುವ ಬಯಕೆಯನ್ನು ಬಿಟ್ಟುಕೊಟ್ಟು, ಎರಡು ಜನಾಂಗಗಳ ಹೆಸರಿನಲ್ಲಿ ಆಡಿದ ಮಾತಾಗಿ ಮಾರ್ಪಟ್ಟ ಪ್ರೇಮ.

ಪ್ರಶ್ನೆ: ಹಾಗಾದರೆ ಗಿಮ್ಲಿ ಮತ್ತು ಅವನ ತಂಡದ ಎಲ್ಫ್ ಲೆಗೊಲಾಸ್‌ರ ಗೆಳೆತನ ಈ ಆರಾಧನೆಯ ನೆರಳಷ್ಟೇ ಅಲ್ಲವೇ? ಗಿಮ್ಲಿ ಅವಳನ್ನು ಮತ್ತೆ ಕಂಡನೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನೆರಳೆಂದು ಹೇಳಲಾರೆ, ಆರಂಭ ಅಲ್ಲಿಂದ ಎನ್ನಬಹುದು. ಲೆಗೊಲಾಸ್‌ನ ತಂದೆಯೇ ಗಿಮ್ಲಿಯ ತಂದೆ ಗ್ಲೋಯಿನ್‌ನನ್ನು ಹಿಂದೆ ಸೆರೆಯಲ್ಲಿಟ್ಟಿದ್ದವನು; ಎಲ್ಫ್ ಒಡೆಯ ಎಲ್ರಾಂಡ್‌ನ ಸಭೆಯಲ್ಲಿ ಗ್ಲೋಯಿನ್ ಅದನ್ನು ಕಹಿಯಾಗಿಯೇ ನೆನಪಿಸುತ್ತಾನೆ. ಲೋಥ್‌ಲೋರಿಯನ್‌ನಲ್ಲಿ ತಂಗಿದ್ದ ದಿನಗಳಲ್ಲಿ ಲೆಗೊಲಾಸ್ ಆ ಗಿಮ್ಲಿಯನ್ನೇ ಜೊತೆಗೆ ಕರೆದುಕೊಂಡು ಕಾಡು ಸುತ್ತುವುದನ್ನು ಕಂಡು ಉಳಿದವರು ಬೆರಗಾಗುತ್ತಾರೆ. ಹೆಲ್ಮ್ಸ್ ಡೀಪ್ ಕಾಳಗದಲ್ಲಿ ಕೆಡವಿದ ಶತ್ರುಗಳ ಲೆಕ್ಕದಲ್ಲಿ ಗಿಮ್ಲಿಗೆ 42, ಲೆಗೊಲಾಸ್‌ಗೆ 41 ಎಂಬುದು ಎಲ್ಲರಿಗೂ ನೆನಪಿರುತ್ತದೆ. ನನಗೆ ಅದಕ್ಕಿಂತ ಹಿರಿದಾಗಿ ಕಾಣುವುದು ಅನಂತರದ ಒಪ್ಪಂದ. ಕಾಡೆಂದರೆ ಅಂಜುವ ಗಿಮ್ಲಿ ಗೆಳೆಯನ ಜೊತೆ ಫ್ಯಾಂಗಾರ್ನ್‌ಗೆ ಬರಬೇಕು, ನೆಲದಡಿಯನ್ನು ಒಲ್ಲದ ಲೆಗೊಲಾಸ್ ಅವನ ಜೊತೆ ಹೆಲ್ಮ್ಸ್ ಡೀಪ್‌ನ ಹೊಳೆಯುವ ಗುಹೆಗಳಿಗೆ ಇಳಿಯಬೇಕು. ಯುದ್ಧ ಮುಗಿದ ಮೇಲೆ ಗುಹೆಯಿಂದ ಹೊರಬಂದ ಲೆಗೊಲಾಸ್, ಅದನ್ನು ಬಣ್ಣಿಸಲು ತಕ್ಕ ಮಾತು ಗಿಮ್ಲಿಯೊಬ್ಬನಲ್ಲೇ ಇದೆಯೆಂದು ಒಪ್ಪಿಕೊಂಡು ಮೌನವಾಗುತ್ತಾನೆ. ಗಲಾಡ್ರಿಯೆಲ್ ಸಭೆಯಲ್ಲಿ ಮಾಡಿದ್ದನ್ನು, ಅಂದರೆ ಇನ್ನೊಬ್ಬರ ನೆಲದ ಚೆಲುವನ್ನು ಅವರ ಕಣ್ಣಿನಿಂದ ನೋಡುವುದನ್ನು, ಈ ಇಬ್ಬರೂ ತಾವಾಗಿಯೇ ಕಲಿತುಕೊಂಡರು.

ನಿಮ್ಮ ಎರಡನೆಯ ಪ್ರಶ್ನೆಗೆ ಕಾದಂಬರಿಯ ಅನುಬಂಧದಲ್ಲಿ ಒಂದೆರಡು ಸಾಲುಗಳಿವೆ. ಅರಸ ಎಲೆಸ್ಸಾರ್, ಅಂದರೆ ಅರಗಾರ್ನ್, ತೀರಿಕೊಂಡ ಮೇಲೆ, ಗಲಾಡ್ರಿಯೆಲ್ ಮೊದಲೇ ಸೇರಿದ್ದ ಕಡಲಾಚೆಗೆ ಲೆಗೊಲಾಸ್ ಹೊರಟಾಗ, ಯಾವ ಡ್ವಾರ್ಫನೂ ಹೋಗದ ಆ ನಾಡಿಗೆ ಗಿಮ್ಲಿಯೂ ಜೊತೆಯಾದನೆಂದು ಕೇಳಿಕೆಯಿದೆ. ಅದಕ್ಕೆ ಕಾರಣ ಅವರಿಬ್ಬರ ಗೆಳೆತನ. ಗಲಾಡ್ರಿಯೆಲ್‌ಳನ್ನು ಮತ್ತೆ ನೋಡುವ ಹಂಬಲವೂ ಇದ್ದಿರಬಹುದು, ಅವನಿಗೆ ಅಪ್ಪಣೆ ದೊರಕಿಸಿಕೊಟ್ಟವಳು ಅವಳೇ ಇರಬಹುದು ಎಂದಿಷ್ಟು ತಿಳಿಸಿ, ಇದಕ್ಕಿಂತ ಹೆಚ್ಚು ಹೇಳಲಾಗದೆಂದು ಅನುಬಂಧ ಆ ಸಂಗತಿಯನ್ನು ಅಲ್ಲಿಗೇ ಬಿಡುತ್ತದೆ.